ತೂಕ ಇಳಿದ ಅಮ್ಮನವರು

ವಿಗ್ರಹ ಎತ್ತಿದ ಕಮಲಾಕ್ಷಮ್ಮ ಅದನ್ನು ಕೆಳಗಿಟ್ಟು ಮತ್ತೊಮ್ಮೆ ಎತ್ತಿ ನೋಡಿದಳು. ಮಧುಗಿರಿಯ ಆ ಪುಟ್ಟ ಖಾಸಗಿ ಮ್ಯೂಸಿಯಂನಲ್ಲಿ ಆರು ವರ್ಷದಿಂದ ಕಸ ಗುಡಿಸುವ ಆಕೆ, ಪ್ರತಿ ಶುಕ್ರವಾರ ಪಂಚಲೋಹದ ಪಾರ್ವತಿಯನ್ನು ಮಗುವಿನಂತೆ ಸೊಂಟಕ್ಕೆ ಆನಿಸಿಕೊಂಡು ಪೀಠ ಒರೆಸುತ್ತಿದ್ದಳು. ಇಳಿಸುವಷ್ಟರಲ್ಲಿ ರಟ್ಟೆ ಸೋಲುತ್ತಿತ್ತು. ಬೆಂಗಳೂರಿನ ಪ್ರದರ್ಶನ ಮುಗಿಸಿಕೊಂಡು ನಿನ್ನೆಯಷ್ಟೇ ವಾಪಸಾದ ಅಮ್ಮನವರು ಇವತ್ತು ಹೂವೆತ್ತಿದ ಹಾಗೆ ಕೈಗೆ ಬಂದಿದ್ದರು.

ಬಾಯಿ ಮುಚ್ಚಿಕೊಂಡಿದ್ದರೆ ಸುಖವಾಗಿರುತ್ತಿದ್ದಳು. ಆದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ಅವಳದಲ್ಲ. ನೇರವಾಗಿ ಕ್ಯುರೇಟರ್ ರೇಣುಕಪ್ರಸಾದರ ಮುಂದೆ ಹೋಗಿ ನಿಂತು, ಇದು ನಮ್ಮ ಅಮ್ಮನವರಲ್ಲ ಎಂದಳು.

ಪರದೇಶದ ಮ್ಯೂಸಿಯಂಗಳಲ್ಲಿ ಕೋಟಿ ಬಾಳುವ ಚಿತ್ರಗಳನ್ನು ಹಾಡಹಗಲೇ ಹೊತ್ತೊಯ್ದ ಕಥೆಗಳನ್ನು ಟೀ ಹೊತ್ತಿನಲ್ಲಿ ರಸವತ್ತಾಗಿ ಹೇಳುತ್ತಿದ್ದವರು ಇವರೇ. ಈಗ ಮಾತ್ರ ಬಾಗಿಲ ಕಡೆ ಒಮ್ಮೆ ನೋಡಿ, ಗಾಜಿನ ಪೆಟ್ಟಿಗೆಯ ಬೀಗದ ಕೈ ನಿನಗೆ ಕೊಟ್ಟವರಾರೆಂದು ಕೇಳಿದರು. ನೀವೇ ಎಂದಳು. ಅವರಿಗೆ ನೆನಪಿರಲಿಲ್ಲವಂತೆ.

“ವಿಗ್ರಹ ಮುಟ್ಟಬಾರದು ಅಂತ ರೂಲ್ಸ್ ಇದೆ ಕಣಮ್ಮ. ಈಗ ಬದಲಾಗಿದೆ ಅಂತ ನೀನೇ ಹೇಳ್ತೀಯ. ಪೊಲೀಸರು ಮೊದಲು ಯಾರನ್ನ ಹಿಡೀತಾರೆ ಹೇಳು. ಎಲ್ಲಾ ಕಡೆ ಕದ್ದಿರೋರು ಒಳಗಿನೋರೇ.”

ಕಮಲಾಕ್ಷಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಕಳ್ಳಿ ಎನ್ನಿಸಿಕೊಂಡರೆ ಪುರವರದ ತವರಿಗೆ ಯಾವ ಮುಖ ಹೊತ್ತು ಹೋಗುವುದು? ಅದೂ ಅದೇ ಊರಿನ ಪಾಳುಗುಡಿಯಿಂದ ಬಂದ ಅಮ್ಮನವರನ್ನು ಕದ್ದವಳೆಂದು.

ರೇಣುಕಪ್ರಸಾದರು ರಿಜಿಸ್ಟರ್ ಹಿಡಿದು ಅವಳನ್ನು ಅಮ್ಮನವರ ಕೋಣೆಗೆ ಕರೆದೊಯ್ದರು. ಸಾಕ್ಷಿಗೆಂದು ಗುಮಾಸ್ತ ಚೇತನ್ ಕುಮಾರ್ ಹಿಂದೆಯೇ ಬಂದ. ‘ವಿಗ್ರಹ ಯಥಾಸ್ಥಿತಿಯಲ್ಲಿದೆ’ ಎಂಬ ಸಾಲಿನ ಕೆಳಗೆ ಬೆರಳಿಟ್ಟು, ಒಂದು ಸಹಿ ಹಾಕಿಬಿಟ್ಟರೆ ಎಲ್ಲರಿಗೂ ಒಳ್ಳೆಯದೆಂದರು.

ಪೆನ್ನು ಕೈಗೆ ಬಂತು. ಸಹಿಗೆಂದು ಬಗ್ಗಿದ ಕಮಲಾಕ್ಷಮ್ಮ ಬಗ್ಗಿದಂತೆಯೇ ಒಂದು ಗಳಿಗೆ ನಿಂತಳು. ಆಮೇಲೆ ಪೆನ್ನನ್ನು ಮೆಲ್ಲಗೆ ರಿಜಿಸ್ಟರಿನ ಮೇಲಿಟ್ಟಳು.

“ಆರು ವರ್ಷದಿಂದ ನೋಡ್ತಾ ಇವ್ನಿ ಸಾ. ಎಂಥಾ ದೊಡ್ಡೋರು ಜೊತೇಲಿದ್ರೂ ಬೂಟು ಹೊಸ್ತಿಲಾಚೆ ಬುಟ್ಟು, ಅಮ್ಮನಿಗೆ ಕೈ ಮುಗ್ದೇ ಒಳೀಕೆ ಬರ್ತಿದ್ರಿ. ಇವತ್ತು ಹಾಕ್ಕಂಡೇ ಬಂದ್ಬುಟ್ರಲ್ಲ?”

ಬರಿಗಾಲಲ್ಲಿ ನಿಂತಿದ್ದ ಚೇತನ್ ಕುಮಾರ್ ನಿಧಾನವಾಗಿ ಸಾಹೇಬರ ಕಾಲು ನೋಡಿದ.