ನೇರಳೆ ಬಣ್ಣದ ನೋವು

ಎಲ್ಲರಂತೆ ಜಮುಲಾಬಾಯಿಯ ಮುಂಗೈಗೂ ಹುಟ್ಟಿದಾಗಲೇ ನೋವಿನ ಪಟ್ಟಿ ಕಟ್ಟಿದ್ದರು. ಹಲ್ಲುನೋವಿಗೆ ಅದು ಕೆಂಪಾಗುತ್ತಿತ್ತು, ಮಂಡಿನೋವಿಗೆ ಹಳದಿ. ಹೋದ ವರ್ಷ ಗರ್ಭಕೋಶ ತೆಗೆಸಿಕೊಂಡ ಮೇಲೆ ಅವಳಿಗೆ ಒಂದೇ ಸಮನೆ ಮೂತ್ರ ಸೋರತೊಡಗಿತು. ಪಟ್ಟಿ ನೇರಳೆ ಬಣ್ಣಕ್ಕೆ ತಿರುಗಿತು. ವಾಸನೆ ಎಂದು ಶಾಲೆಯ ಬಿಸಿಯೂಟದ ಕೆಲಸದಿಂದಲೂ ಬಿಡಿಸಿದರು.

ಆಸ್ಪತ್ರೆಯಲ್ಲಿ ಅವಳ ಆಪರೇಷನ್ ಮಾಡಿದ್ದ ಡಾಕ್ಟರ್ ಪಟ್ಟಿ ನೋಡಿ, "ಇದು ಭಾಳ ಅಪರೂಪದ ತೊಂದ್ರಿ ನೋಡಮ್ಮಾ. ಲಕ್ಷಕ್ಕೊಬ್ಬರಿಗೆ ಆಗ್ತದ. ನಿನ್ನ ನಸೀಬು," ಎಂದರು. ನಾಲ್ಕನೇ ಸಲವೂ ಅದೇ ಮಾತು.

ಜಮುಲಾಬಾಯಿ ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದಳು. ಹೊರಗೆ ಬೆಂಚಿನ ಮೇಲೆ ಆರು ಹೆಂಗಸರು ಮುಂಗೈಗೆ ಸೆರಗು ಮುಚ್ಚಿಕೊಂಡು ಕುಳಿತಿದ್ದರು.

"ಸೆರಗು ತಗೀರಿ ಅಕ್ಕಾರೆ. ಇದ್ರಾಗ ನಮ್ಮ ತಪ್ಪೇನದ?"

ಒಬ್ಬೊಬ್ಬರಾಗಿ ಸರಿಸಿದರು. ಆರೂ ಪಟ್ಟಿಗಳು ನೇರಳೆ.

"ಆಪರೇಷನ್ ಯಾರು ಮಾಡ್ಯಾರ?"

ಆರೂ ಜನ ಒಳಗಿದ್ದ ಡಾಕ್ಟರತ್ತ ಕೈ ತೋರಿಸಿದರು.

"ಲಕ್ಷಕ್ಕೊಬ್ಬರು ಅಂದ್ರಲ್ಲ ಸಾಹೇಬ್ರ, ಅಷ್ಟೂ ಮಂದಿ ನಿಮ್ಮ ಒಂದೇ ಬೆಂಚಿನ ಮ್ಯಾಲ ಹ್ಯಾಂಗ ಕುಂತಾರ?"

ಬಾಗಿಲು ಹಾಕುವಂತೆ ಡಾಕ್ಟರ್ ನರ್ಸಿಗೆ ಹೇಳಿದರು. ನರ್ಸ್ ಹಾಕಲಿಲ್ಲ. ದೂರಿನ ಪುಸ್ತಕ ತೆಗೆದುಕೊಂಡು ಹೊರಗೆ ಬಂದು, ಮೊದಲನೆಯವಳ ಹೆಸರು ಕೇಳಿದಳು.