ಕೊಳವೆಯ ತುದಿ

ಕೊಳವೆಯ ತುದಿ ಮತ್ತೆ ಪಕ್ಕಕ್ಕೆ ಜಾರಿತು. ನರ್ಸ್ ಸರ್ವಮಂಗಳಾ ಅದನ್ನು ಇನ್ನೊಮ್ಮೆ ಕೂಸಿನ ಮೂತ್ರದ್ವಾರಕ್ಕೆ ಹಿಡಿದಳು. ಒಂದೂಕಾಲು ಕೆಜಿಯ ಹೆಣ್ಣುಕೂಸು, ಹುಟ್ಟಿ ಆರು ದಿನ, ಮೈ ಕೆಂಡದಂತೆ ಸುಡುತ್ತಿತ್ತು. ಮೂತ್ರದಲ್ಲಿ ನಂಜಿದೆಯೇ ಎಂದು ನೋಡಬೇಕಿತ್ತು. ನಾಲ್ಕು ಹನಿ ಸಿಕ್ಕಿದ ಕೂಡಲೇ ಇಂಜೆಕ್ಷನ್ ಶುರುಮಾಡಲು ಡಾಕ್ಟರು ಬಾಗಿಲಲ್ಲೇ ಕಾಯುತ್ತಿದ್ದರು. ಅಷ್ಟು ಸಣ್ಣ ಕೊಳವೆ ದೊಡ್ಡಬಳ್ಳಾಪುರದ ಆ ನರ್ಸಿಂಗ್ ಹೋಮಿನಲ್ಲಿ ಇದ್ದದ್ದು ಅದೊಂದೇ.

ಬೆವರಿಗೆ ಮಾಸ್ಕು ಗದ್ದಕ್ಕೆ ಜಾರಿತ್ತು. ಸರ್ವಮಂಗಳಾ ಮಗ್ಗದ ಮನೆಯವಳು, ಲಾಳಿಯ ತೂತಿಗೆ ರೇಷ್ಮೆ ಎಳೆ ಪೋಣಿಸುತ್ತಲೇ ದೊಡ್ಡವಳಾದವಳು. ಎಳೆ ಹಟ ಮಾಡಿದರೆ ಏನು ಮಾಡಬೇಕೆಂದು ಅವಳ ಕೈಗೆ ಗೊತ್ತಿತ್ತು. ಕೈ ತಾನಾಗಿಯೇ ಮೇಲೆದ್ದಿತು. ಕೊಳವೆಯ ತುದಿ ಅವಳ ತುಟಿಗಳ ನಡುವೆ ಒದ್ದೆಯಾಗಿ ಕೆಳಗಿಳಿಯಿತು.

ಡಾಕ್ಟರು ಗಡಿಯಾರ ನೋಡುತ್ತಿದ್ದರು. ಕಂಡದ್ದು ಕೂಸಿನ ಕಾಲು ಹಿಡಿದಿದ್ದ ಅಜ್ಜಿ ಚೌಡಮ್ಮನಿಗೆ ಮಾತ್ರ. ಅವಳದೂ ಮಗ್ಗದ ಮನೆಯೇ. "ಹಂಗೇ ಕಣವ್ವ, ಈಗ ಸಲೀಸಾಗಿ ಹೋಯ್ತದೆ ನೋಡು," ಎಂದು ಪಿಸುಗುಟ್ಟಿದಳು.

ಆ ಮೆಚ್ಚುಗೆಗೇ ಸರ್ವಮಂಗಳಾಗೆ ಎಚ್ಚರವಾದದ್ದು. ಹೋದರೆ ತನ್ನ ಬಾಯಿಯ ನಂಜೂ ಜೊತೆಗೇ ಹೋಗುತ್ತದೆ. ಹೇಳಿಬಿಟ್ಟರೆ ಬೆಂಗಳೂರಿನಿಂದ ಇನ್ನೊಂದು ಕೊಳವೆ ಬರಬೇಕು, ಅಲ್ಲಿಯವರೆಗೆ ಈ ಕೂಸು ತಡೆಯಬೇಕು.

"ಯಾಕ್ರೀ ಸಿಸ್ಟರ್, ನಿಂತ್ಬಿಟ್ರಿ?"

ಆಸ್ಪತ್ರೆಯಲ್ಲಿ ಕಲಿತ ಒಂದು ಮಾತೂ ಅವಳ ಬಾಯಿಗೆ ಬರಲಿಲ್ಲ. "ಎಂಜಲಾಯ್ತು ಸಾರ್," ಎಂದಳು.

ಅಷ್ಟು ಕೇಳಿದ್ದೇ ತಡ, ಚೌಡಮ್ಮ ಸರಕ್ಕನೆ ಸೆರಗೆಳೆದು ಮೊಮ್ಮಗಳ ಮೈ ಮುಚ್ಚಿದಳು.