ಕೆಡ್ಡಸದ ಮಣ್ಣು

"ಕೆರೆಯಬೇಡ ಮಾರಾಯ, ಇವತ್ತೊಂದು ದಿನ ಕಾಲು ಸುಮ್ಮನೆ ಇಡು," ಎಂದು ಲೋಲಾಕ್ಷಿ ನಾಯಿಯನ್ನು ಮತ್ತೊಮ್ಮೆ ಗದರಿಸಿದಳು. ಸಂಜೆ ಹೊಳೆಬದಿಯ ಮಣ್ಣಿನ ಏರಿಯಾದ ಪುಣಿಯ ಮೇಲೆ ನಡೆಯಲು ಹೊರಟರೆ ಬೊಗ್ಗುವಿಗೆ ಒಂದೇ ಕಸುಬು. ಏಡಿಯ ಬಿಲ ಕಂಡಲ್ಲಿ ಮುಂಗಾಲಿನಿಂದ ಮಣ್ಣು ಹಾರಿಸುವುದು. ಬೇರೆ ದಿನವಾದರೆ ಅವಳು ನಿಂತು ನಗುತ್ತಿದ್ದಳು. ಆದರೆ ಇದು ಕೆಡ್ಡಸ, ಭೂಮಿತಾಯಿ ಮುಟ್ಟಾಗಿ ಮಲಗಿರುವ ದಿನಗಳು. ಊರಿನಲ್ಲಿ ಹಾರೆ ಎತ್ತುವವರಿಲ್ಲ, ಹುಲ್ಲು ಕೀಳುವವರಿಲ್ಲ. ಮನುಷ್ಯರಿಗಿರುವ ಕಟ್ಟು ನಾಯಿಗಿಲ್ಲ ಎಂದು ಅವಳಿಗೆ ಗೊತ್ತು. ಆದರೂ ತಾನು ಅನ್ನ ಹಾಕಿದ ಜೀವದ ಉಗುರು ತಾಯಿಯ ಮೈಗೆ ತಾಗುವುದನ್ನು ನೋಡಲು ಮನಸ್ಸು ಬರಲಿಲ್ಲ. ಇನ್ನೊಂದು ಬಿಲ ಕಂಡಾಗ, ಬೊಗ್ಗು ಮೂತಿ ಇಡುವ ಮೊದಲೇ ಅದನ್ನು ಪುಣಿಯಿಂದ ಕೆಳಕ್ಕೆ, ಹೊಳೆಯ ಕಡೆಗೆ ಅಟ್ಟಿದಳು.

ತಪ್ಪಾದದ್ದು ಅಲ್ಲಿ. ಫರಂಗಿಪೇಟೆಯ ಆ ಭಾಗದಲ್ಲಿ ನೇತ್ರಾವತಿ ಅಗಲವಾಗಿ, ಅವಸರವಿಲ್ಲದೆ ಮಲಗಿರುವ ಹೊಳೆ. ಮಳೆಗಾಲದ ನೀರು ಇಳಿದ ಮೇಲೆ ಸಮುದ್ರದ ಉಬ್ಬರ ಅಲ್ಲಿಯವರೆಗೂ ಬಂದು ಹೋಗುತ್ತದೆ. ಇಳಿತದ ಹೊತ್ತಿಗೆ ತೆರೆದುಕೊಂಡ ಕೆಸರು ಸಾರಿಸಿದ ಅಂಗಳದಂತೆ ಸಪಾಟಾಗಿ ಹೊಳೆಯುತ್ತದೆ, ಕಾಲಿಟ್ಟರೆ ನುಂಗುತ್ತದೆ. ಬೊಗ್ಗು ಒಂದು ಬೆಳ್ಳಕ್ಕಿಯ ಹಿಂದೆ ಓಡಿತು. ಓಡಿದ ರಭಸಕ್ಕೆ ಹೊಟ್ಟೆಯವರೆಗೆ ಹೂತುಹೋಯಿತು. ಲೋಲಾಕ್ಷಿ ಇಳಿದು ಒಂದು ಹೆಜ್ಜೆ ಇಟ್ಟಳು, ಮೊಣಕಾಲು ಮುಳುಗಿತು. ಹೇಗೋ ಕಾಲು ಎಳೆದುಕೊಂಡಾಗ ಚಪ್ಪಲಿ ಒಳಗೇ ಉಳಿದಿತ್ತು. ಅತ್ತ ಉಬ್ಬರದ ನೀರು ತೆಳ್ಳಗಿನ ಗೆರೆಯಾಗಿ ಏರತೊಡಗಿತ್ತು. ನಾಯಿ ಬೊಗಳಲಿಲ್ಲ. ನೀನು ಹೇಳಿದ ಕಡೆಗೇ ಬಂದೆನಲ್ಲ ಎಂಬಂತೆ ಅವಳನ್ನೇ ನೋಡುತ್ತಿತ್ತು.

"ಎಂತ ಲೋಲಾಕ್ಷಕ್ಕ, ಹೊಳೆಗೆ ಕೈ ಮುಗಿಯುದಾ?"

ನೆರೆಮನೆಯ ಮೊಯಿದಿನಬ್ಬ. ಹಿಂದೆ ಕಡವಿನಲ್ಲಿ ದೋಣಿ ನಡೆಸಿದವರು. ಬಿಳಿ ಅಂಗಿ, ಬಿಳಿ ಲುಂಗಿ, ಹೆಗಲಿಗೊಂದು ಬೈರಾಸು ಹಾಕಿಕೊಂಡು ಸಂಜೆಯ ನಮಾಜಿಗೆ ಹೊರಟಿದ್ದರು. ಲೋಲಾಕ್ಷಿ ನಾಯಿಯ ಕಡೆಗೆ ಬೆರಳು ತೋರಿಸಿದಳು. ಅವರನ್ನು ಕರೆಯಲು ಅವಳಿಗೆ ನಾಲಗೆ ಏಳಲಿಲ್ಲ. ನಾಯಿಯ ಒದ್ದೆ ಮೈ ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲೊಮ್ಮೆ ನಾಯಿ ತಾಗದ ಶುದ್ಧ ಮಣ್ಣು ಸವರಿ ತೊಳೆಯಬೇಕು, ಆಮೇಲೆಯೇ ಅವರು ನಮಾಜಿಗೆ ನಿಲ್ಲುವುದು ಎಂದು ನೆರೆಕರೆಯಲ್ಲಿ ಬೆಳೆದ ಅವಳಿಗೆ ಗೊತ್ತು. ಇಷ್ಟು ವರ್ಷವೂ ಅವರು ಬೊಗ್ಗುವಿಗೆ ಮೀನಿನ ತಲೆ ಹಾಕಿದ್ದು ದೂರದಿಂದಲೇ.

"ನಿಮ್ಮ ಹತ್ತಿರ ಹೇಗೆ ಹೇಳುದು ಕಾಕ..."

"ಹೇಳುದೆಂತ? ನೀರು ಕಾಯ್ತದಾ? ನೀವು ಸ್ವಲ್ಪ ಆಚೆ ತಿರುಗಿ."

ಅವಳು ಮತ್ತೆ ತಿರುಗಿದಾಗ ಅಂಗಿ, ಲುಂಗಿ ಮರದ ಕೊಂಬೆಯಲ್ಲಿದ್ದವು. ಮೊಯಿದಿನಬ್ಬ ಸೊಂಟಕ್ಕೆ ಬೈರಾಸು ಬಿಗಿದು, ಒಣ ತೆಂಗಿನ ಮಡಲುಗಳನ್ನು ಕೆಸರಿನ ಮೇಲೆ ಒಂದರ ಮುಂದೊಂದು ಹಾಸಿ, ಎದೆ ಊರಿ ತೆವಳುತ್ತಿದ್ದರು. ಬೊಗ್ಗುವಿನ ಹೊಟ್ಟೆಯಡಿಗೆ ಎರಡೂ ಕೈ ತೂರಿಸಿ ಎಳೆದರು. ಕೆಸರು ಒಲ್ಲದ ಮನಸ್ಸಿನಿಂದ ಬಿಟ್ಟುಕೊಟ್ಟಿತು. ದಡಕ್ಕೆ ಬರುವಷ್ಟರಲ್ಲಿ ನಾಯಿ ಅವರ ಗಡ್ಡವನ್ನೆಲ್ಲ ನೆಕ್ಕಿ ಮುಗಿಸಿತ್ತು.

"ಮುಟ್ಟಿದ್ದು ಸಾಲದೂಂತ ಇವನ ಮುದ್ದು ಬೇರೆ," ಎಂದು ಗೊಣಗುತ್ತ ಅವರು ಹೊಳೆಯ ನೀರಿನಲ್ಲಿ ಕೆಸರು ಕಳೆದುಕೊಂಡರು. ಪಡುವಣ ಕೆಂಪಾಗುತ್ತಿತ್ತು, ಬಾಂಗ್ ಕೊಡಲು ಹೆಚ್ಚು ಹೊತ್ತಿರಲಿಲ್ಲ. ಸವರುವ ಮಣ್ಣಿಗೆಂದು ಒಂದು ಚಿಪ್ಪು ಹೆಕ್ಕಿ ಪುಣಿಯ ಗಟ್ಟಿ ನೆಲಕ್ಕೆ ಊರಿದವರು ಕೈ ತಡೆದರು.

"ಇವತ್ತು ನಿಮ್ಮ ಕೆಡ್ಡಸ ಅಲ್ವಾ ಅಕ್ಕ?"

"ಹೌದು."

"ಹಾಗಾದ್ರೆ ಬೇಡ. ಮನೆಯಲ್ಲಿ ನೋಡ್ತೇನೆ."

"ನಿಮ್ಮ ಮನೆಯಲ್ಲಿ ಬೇರೆ ಭೂಮಿ ಉಂಟಾ?" ಲೋಲಾಕ್ಷಿ ಪಡುವಣದ ಕಡೆ ನೋಡಿದಳು. "ಕೆರೆಯಿರಿ ಕಾಕ. ನಮಾಜಿಗೆ ಹೊತ್ತಾಗ್ತದೆ. ಪಾಪ ಬಂದರೆ ನನಗೆ ಬರಲಿ."

"ನಿಮಗೆ ಪಾಪ ಹೊರಿಸಿ ನಾನು ಅಲ್ಲಿ ಹೋಗಿ ಯಾರ ಮುಂದೆ ನಿಲ್ಲುದು?" ಅವರು ಚಿಪ್ಪನ್ನು ಹೊಳೆಗೆ ಎಸೆದರು.

ಲೋಲಾಕ್ಷಿ ಸುತ್ತ ನೋಡಿದಳು. ಕೆಸರಿನ ಬಯಲನ್ನು ಆಗಲೇ ನೀರು ಮುಚ್ಚಿತ್ತು. ಪುಣಿಯ ಮೇಲೆ, ಅವಳು ನಾಯಿಯನ್ನು ಅಟ್ಟಿದ್ದ ಬಿಲ ಹಾಗೆಯೇ ಇತ್ತು. ಅದರ ಬಾಯಲ್ಲಿ ಏಡಿ ಒಳಗಿನಿಂದ ಹೊತ್ತು ತಂದು ಹಾಕಿದ ತಣ್ಣನೆಯ ಮಣ್ಣು, ಸಣ್ಣ ಸಣ್ಣ ಉಂಡೆಗಳಾಗಿ. ಅವಳು ಕುಳಿತು, ಉಗುರು ನೆಲಕ್ಕೆ ತಾಗದಂತೆ ಅದನ್ನು ಬೊಗಸೆಗೆ ತುಂಬಿಕೊಂಡಳು.

"ತೆಕ್ಕೊಳ್ಳಿ. ಇದು ನಾವು ಕೆರೆದದ್ದಲ್ಲ, ಅವಳೇ ಕೊಟ್ಟದ್ದು."

ಮೊಯಿದಿನಬ್ಬ ಎರಡೂ ಕೈ ಒಡ್ಡಿ, ಪ್ರಸಾದ ತೆಗೆದುಕೊಳ್ಳುವವರ ಹಾಗೆ ತೆಗೆದುಕೊಂಡರು. ಮಣ್ಣು ಸವರಿ, ತೊಳೆದು, ಬೈರಾಸನ್ನು ಹಿಂಡಿ ಅಲ್ಲೇ ಹರವಿ, ಬಿಳಿ ಬಟ್ಟೆ ಉಟ್ಟು ಹೊರಟಾಗ ಬೊಗ್ಗು ಬಾಲ ಆಡಿಸುತ್ತ ಹಿಂದೆಯೇ ಓಡಿತು. ಅವರು ಲುಂಗಿ ಎತ್ತಿ ಹಿಡಿದು ಹೆಜ್ಜೆ ಚುರುಕು ಮಾಡಿದರು. "ಬೇಡ ಮಾರಾಯ, ಇನ್ನೊಮ್ಮೆ ಏಡಿಯ ಬಾಗಿಲಿಗೆ ಹೋಗ್ಲಿಕ್ಕೆ ನನಗೆ ಮುಖ ಇಲ್ಲ."

ಕೆಡ್ಡಸ ಕಳೆದ ಬೆಳಿಗ್ಗೆ ಲೋಲಾಕ್ಷಿ ಅಂಗಳದಲ್ಲಿ ಸೆಗಣಿ ಸಾರಿಸಿ, ಅರಸಿನ ಕುಂಕುಮವಿಟ್ಟು, ಭೂಮಿತಾಯಿಯ ಸ್ನಾನಕ್ಕೆಂದು ನೆಲಕ್ಕೆ ಎಣ್ಣೆ ಬಿಟ್ಟಳು. ಬಟ್ಟಲಿನಲ್ಲಿ ಸ್ವಲ್ಪ ಉಳಿಸಿಕೊಂಡು, ನಾಯಿಯನ್ನು ಕರೆದುಕೊಂಡು ಪುಣಿಗೆ ನಡೆದಳು. ಬಿಲದ ಹತ್ತಿರ ಬೊಗ್ಗು ಮುಂಗಾಲು ಎತ್ತಿ, ಅವಳ ಮುಖ ನೋಡಿ, ಮತ್ತೆ ಇಳಿಸಿತು.

ಅವಳು ಎಣ್ಣೆ ಬಿಡಲು ಬಗ್ಗಿದಳು. ಬಿಲದ ಬಾಯಲ್ಲಿ ಏಡಿ ಮತ್ತೆ ಒಂದು ಬೊಗಸೆ ಮಣ್ಣು ತಂದಿಟ್ಟಿತ್ತು.